ಯಾನೆ

ರಾತ್ರಿ ಪಾಳಿ. ಓಮಾನಿನ ಮೂಲೆಯ ಸೂರ್ ಎಂಬ ಊರಲ್ಲಿ
ಕಡಲನ್ನು ಸಿಹಿ ಮಾಡುವ ಸ್ಥಾವರ.
ಮೂರು ಪಂಪು, ಒಂದು ಮೇಜು,
ಯಾರಿಗೂ ಬೇಡವಾದ ಒಂದು ಹಳೇ ಕಂಪ್ಯೂಟರು.
ಅದಕ್ಕೆ ಮೌಸಿಲ್ಲ, ಚಿತ್ರವಿಲ್ಲ,
ಕಪ್ಪು ಪರದೆ, ಹಸಿರು ಅಕ್ಷರ,
ಕೊನೆಗೆ ಮಿಣುಕುತ್ತ ಕಾಯುವ ಒಂದು ಕಡ್ಡಿ.
"ಇದರಲ್ಲೂ ಕಾಗದ ಬರುತ್ತದೆ," ಅಂದಿದ್ದ
ಸುಡಾನಿನ ಬಕ್ರಿ, ರಜೆಗೆ ಹೊರಡುವ ಮುನ್ನ.
"ಹೆಸರು ಒಮ್ಮೆ ಬರೆದಿಡು, ಆಮೇಲೆ ಕರೆದರೆ ಸಾಕು."

ಬರೆದಿಟ್ಟೆ, ಸಾಲಿಗೊಬ್ಬರಂತೆ:
ಮೊದಲು ಅಲಿಯಾಸ್, ಆಮೇಲೆ ಗಿಡ್ಡ ಹೆಸರು, ಆಮೇಲೆ ಉದ್ದದ ವಿಳಾಸ.
ಅಕ್ಕ ಎಂದು ಒತ್ತಿದರೆ
ಅವಳ ಹೆಸರು, ಭಾವನ ಇನಿಷಿಯಲ್ಲು, ಹುಟ್ಟಿದ ಇಸವಿ,
ನಡುವಿನ ಎರಡು ಅಡಿಗೆರೆ
ತಾವಾಗಿ ಬಿಚ್ಚಿಕೊಳ್ಳುತ್ತವೆ, ಸುತ್ತಿಟ್ಟ ಚಾಪೆಯ ಹಾಗೆ.
ಮೆಸ್ಸಿನವನು ಅನ್ನ. ಸಂಬಳದವನು ಇಪ್ಪತ್ತೇಳು.
ಸೂಪರ್‌ವೈಸರಿಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅಲಿಯಾಸ್! ನಮ್ಮಲ್ಲಿ ಅದು ಪೇಪರಿನ ಐದನೇ ಪುಟದ ಮಾತು,
ಬೈಕು ಕದ್ದು ಸಿಕ್ಕಿಬಿದ್ದವರ
ಎರಡು ಹೆಸರಿಗೆ ಹಾಕಿದ ಒಂದು ಬೇಡಿ.
ಗದಗದ ಕಡೆಯ ವೆಲ್ಡರ್ ಈರಣ್ಣ ಉರ್ಫ್ ಅನ್ನುತ್ತಾನೆ.
ನಮ್ಮ ಮೂಲ್ಕಿಯ ಆರ್‌ಟಿಸಿಯಲ್ಲಿ ಮಾತ್ರ ಯಾನೆ.
ಅಜ್ಜಿಯ ಪಾಲಿನ ಹನ್ನೊಂದು ಸೆಂಟ್ಸಿನ ಮೇಲೆ
ದಾರು ಯಾನೆ ದಾರಮ್ಮ ಯಾನೆ ದಾರು ಪೂಜಾರ್ತಿ.
ಮೂರು ಹೆಸರಿಗೂ ಒಂದೇ ಹೆಬ್ಬೆಟ್ಟು.

ನಾನೂ ಕಡಿಮೆಯೇನಲ್ಲ.
ಪಾಸ್‌ಪೋರ್ಟಿನಲ್ಲಿ ಲಿಂಗಪ್ಪ.
ಅರಬ್ಬಿ ನಾಲಿಗೆಗೆ ಪಕಾರ ಸಿಕ್ಕುವುದಿಲ್ಲ;
ಗೇಟಿನ ಸಾಲೆಂ ಮೊದಲ ದಿನವೇ ಕೂಗಿದ: ಲಿಂಗಬ್ಬಾ!
ಕೇಳಿದ ಕ್ಯಾಂಟೀನಿನ ಮೋನಬ್ಬ
ನಮ್ಮವನೇ ಅಂದುಕೊಂಡು ಬ್ಯಾರಿಯಲ್ಲಿ ಮಾತಾಡಿಸಿ
ಒಂದು ಪರೋಟ ಹೆಚ್ಚಿಗೆ ಹಾಕಿದ.
ನಿಜ ತಿಳಿದ ಮೇಲೂ ಹಾಕುತ್ತಾನೆ.

ತೊಂದರೆ ಬಂದದ್ದು ನನ್ನಿಂದಲೇ.
ನನಗೆ ವಿಳಾಸ ಮೂರು:
ಜುಬೈಲಿನ ಹಳೆ ಕಂಪನಿಯದು, ವರ್ಷದ ಕೊನೆವರೆಗೆ ಮಾತ್ರ ಅದಕ್ಕೆ ಉಸಿರು;
ಇಲ್ಲಿಯದು, ಚುಕ್ಕಿ, ಮತ್ತೆ ಚುಕ್ಕಿ, ಬಾಲಕ್ಕೆ ನಾಲ್ಕು ಅಂಕಿ;
ಸೋದರಳಿಯ ತಮಾಷೆಗೆ ಮಾಡಿಕೊಟ್ಟದ್ದು, ಬಂಗುಡೆ ಎಂದು ಶುರುವಾಗುವುದು.
ಎಲ್ಲರಿಗೂ ಉತ್ತರ ಅಂದಾಗಲೆಲ್ಲ
ಯಂತ್ರ ನನಗೂ ಒಂದು ಪ್ರತಿ ಕಳಿಸುತ್ತಿತ್ತು.
ನನ್ನ ಕಾಗದ ನಾನೇ ಓದಿ
ಯಾರಪ್ಪ ಇವನು, ಇಷ್ಟು ಗಡುಸು, ಅಂದುಕೊಂಡದ್ದುಂಟು.

ಅದಕ್ಕೂ ಒಂದು ಸಾಲಿದೆ, ಬಕ್ರಿಯ ಚೀಟಿಯ ಬೆನ್ನಲ್ಲಿ.
ಮೂರನ್ನೂ ಪಕ್ಕಪಕ್ಕ ಕೂರಿಸಿ ಹೇಳಬೇಕು:
ಇವನೂ ನಾನು, ಇವನೂ ನಾನು, ಈ ಬಂಗುಡೆಯೂ ನಾನು.
ಪಂಪಿನ ಸದ್ದಿಗೆ ಯಾರು ಕೇಳುತ್ತಾರೆಂದು
ಗಟ್ಟಿಯಾಗಿ ತುಳುವಿನಲ್ಲಿ ಹೇಳುತ್ತ ಒತ್ತಿದೆ:
ಯಾನೇ. ಯಾನೇ.
ಮೂರನೆಯದಕ್ಕೆ ಬೆರಳು ನಿಂತಿತು.

ಅಜ್ಜಿಯ ಆರ್‌ಟಿಸಿಯನ್ನು ಇಷ್ಟು ವರ್ಷ
ಗುಮಾಸ್ತನ ಗಂಟಲಲ್ಲಿ ಓದಿದ್ದೆ.
ಕಿಟಕಿಯಾಚೆಯಿಂದ ಅವನು ದಾರು ಯಾರು ಅಂದಾಗ,
ದಾರಮ್ಮ ಯಾರು ಅಂದಾಗ,
ಮಸಿ ಹತ್ತಿದ ಬೆರಳನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು
ಅವಳು ಹೇಳಿರಬೇಕು, ಅವನು ಹಾಗೆಯೇ ಬರೆದುಕೊಂಡಿರಬೇಕು:
ಯಾನೇ.

ಫೈಲು ಉಳಿಸಿ ಮತ್ತೆ ತೆರೆದೆ.
ನನಗೊಬ್ಬನಿಗೇ ಬಂದ ಕಾಗದದ ಪಕ್ಕದಲ್ಲಿ ಈಗ
ಸಣ್ಣದೊಂದು ಕೂಡುವ ಗುರುತು.
ಸುರಕ್ಷತಾ ಸೂಚನೆ, ಬಸ್ಸಿನ ಸಮಯ, ಸುತ್ತೋಲೆ, ಎಲ್ಲ ಬೋಳು ಹಣೆ.
ನಡುವೆ ಒಂದೇ ಒಂದು, ಜುಬೈಲಿನ ವಿಳಾಸಕ್ಕೆ,
ಹನ್ನೊಂದು ದಿನದ ಹಿಂದೆ, ಸ್ಟೋರಿನ ರೊಡೆಲ್ಯೊ:
"ನಿನ್ನ ಹದಿನೇಳರ ಸ್ಪ್ಯಾನರು ನನ್ನ ಪೆಟ್ಟಿಗೆಯಲ್ಲಿದೆ.
ಇನ್ನೂ ಇದೇ ವಿಳಾಸವೋ?"

ಯಾವ ಹೆಸರಿಗೆ ಬಂತೋ ಅದೇ ಹೆಸರಿನಿಂದ ಬರೆದೆ:
ಹೌದು, ಡಿಸೆಂಬರಿನವರೆಗೆ.
ಅಷ್ಟರಲ್ಲಿ ಎರಡನೇ ಪಂಪು ಒತ್ತಡ ಬಿಟ್ಟು ಕಿರುಚಿತು,
ವಾಕಿಟಾಕಿಯಲ್ಲಿ ಲಿಂಗಬ್ಬಾ, ಲಿಂಗಬ್ಬಾ.
ಎದ್ದೆ,
ಹದಿನೇಳರ ಸ್ಪ್ಯಾನರಿಗಾಗಿ ಮೇಜಿನಡಿ ತಡಕಾಡುತ್ತ.