ಅಪ್ರದಕ್ಷಿಣೆ

ಹಲ್ ಪಟ್ಟಣದ ಸ್ಪ್ರಿಂಗ್ ಬ್ಯಾಂಕಿನ ಹಿಂದೊಂದು ಓಣಿ,
ಅಲ್ಲಿ ಬ್ಲೆಂಕಿನ್ನನ ಅಂಗಡಿ. ನೂರ ತೊಂಬತ್ತು ಪೌಂಡು.
'ಮೈ ಸವೆದಿದೆ, ಕಣ್ಣು ಚೆನ್ನಾಗಿದೆ' ಅಂದ,
ಕುದುರೆ ಮಾರುವವನ ಹಾಗೆ.
ಯಾರದಿತ್ತು ಅಂದರೆ ಭುಜ ಕುಣಿಸಿದ.

ಮನೆಗೆ ತಂದು ಹೆಬ್ಬೆರಳಿಟ್ಟೆ.
ಗಾಲಿ ಬಲಕ್ಕೆ ತಿರುವಿದರೆ ಬೆಳಕು ಏರಬೇಕು,
ಇಳಿಯಿತು.
ಎಡಕ್ಕೆ ತಿರುವಿದೆ, ಏರಿತು.
ಯಾರೋ ಪುಣ್ಯಾತ್ಮ, ಪುಣ್ಯಾತ್ಗಿತ್ತಿಯೇ ಇರಬಹುದು,
ಇಡೀ ಯಂತ್ರಕ್ಕೆ ಅಪ್ರದಕ್ಷಿಣೆ ಕಲಿಸಿಟ್ಟಿದ್ದರು.
ಷಟರ್ ಇರಬೇಕಾದಲ್ಲಿ ಅಪರ್ಚರ್, ಅಪರ್ಚರ್ ಇರಬೇಕಾದಲ್ಲಿ ಐಎಸ್‌ಒ,
ವಿಡಿಯೋದ ಕೆಂಪು ಗುಂಡಿ ಒತ್ತಿದರೆ ವಿಡಿಯೋ ಇಲ್ಲ,
ದಿಗಂತ ನೆಟ್ಟಗಿದೆಯೇ ಎಂದು ಹೇಳುವ ಒಂದು ಗೆರೆ.
ಹೊಸ ಬಾಡಿಗೆ ಮನೆಯ ಮೊದಲ ರಾತ್ರಿಯಂತೆ:
ಫ್ಯಾನಿನ ಸ್ವಿಚ್ಚೆಂದು ಒತ್ತಿದರೆ
ಬಚ್ಚಲ ದೀಪ.
ಮೂರು ವಾರ ಬೈದುಕೊಂಡೇ ತಿರುವಿದೆ.

ನಾನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವವಳು.
ಮುಂಗೈಗಿಷ್ಟು, ಸೊಂಟಕ್ಕಿಷ್ಟು, ಮಗುವಿನ ಎದೆಗೆ ಚಿಟಿಕೆ.
ಮೊದಲೆಲ್ಲ ಕೈಯಳತೆ. ಈಗ ಯಂತ್ರವೇ ಹಾಕಿಕೊಳ್ಳುತ್ತದೆ,
ಹಿಟ್ಟಿಗೆ ನೀರು ಎಷ್ಟೆಂದು ನನ್ನ ಕೇಳುವವರಿಲ್ಲ.
ಅದಕ್ಕೇ ಕೊಂಡೆ ಇದನ್ನು, 'ಎಂ'ನಲ್ಲೇ ಇಟ್ಟು
ತಪ್ಪನ್ನಾದರೂ ಸ್ವಂತದ್ದು ಮಾಡೋಣ ಎಂದು.

ಭಾನುವಾರ ಮೆನು ಬಿಚ್ಚಿಕೊಂಡು ಕೂತೆ.
ಏಳನೇ ಪುಟ, ಒಳಗೊಂದು ಪುಟ, ಅದರೊಳಗೆ ಗಾಲಿಗಳ ದಿಕ್ಕು.
ಹೆಬ್ಬೆರಳಿಗೆ ಷಟರ್, ತೋರುಬೆರಳಿಗೆ ಅಪರ್ಚರ್,
ಐಎಸ್‌ಒ ಮಾತ್ರ ಖಾರದಪುಡಿಯ ಡಬ್ಬಿಯಂತೆ
ಸಲೀಸಾಗಿ ಕೈಗೆಟುಕದ ಗುಂಡಿಗೆ.
ಕಣ್ಣು ಬೇಡ ಇವಕ್ಕೆ. ಕತ್ತಲಲ್ಲಿ
ಕುಪ್ಪಸದ ಗುಂಡಿ ಹಾಕಿಕೊಂಡಂತೆ ತಿಳಿಯಬೇಕು.

ನೆತ್ತಿಯ ಗಾಲಿಯಲ್ಲಿ ಸಿ ಒಂದು, ಸಿ ಎರಡು, ಸಿ ಮೂರು.
ಮೊದಲನೆಯದು, ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು:
ಬೆಂಪ್ಟನ್ ಬಂಡೆಯ ಕಡಲಹಕ್ಕಿಗಳಿಗೆ, ಸಂದೇಹವಿಲ್ಲ,
ಈ ದಂಡೆಯಲ್ಲಿ ಎಲ್ಲರಿಗೂ ಅದೇ ಹುಚ್ಚು.
ಮೂರನೆಯದು ಖಾಲಿ.
ಎರಡನೆಯದು, ಹದಿನೈದರಲ್ಲೊಂದು ಪಾಲು,
ಅಪರ್ಚರ್ ಪೂರ್ತಿ ತೆರೆದು,
ಬಣ್ಣ ಹಳದಿ ಬಲ್ಬಿನದು,
ಸದ್ದು ಬಂದ್.

ಹಾರುವಂಥದ್ದಲ್ಲ ಇದು.
ಅಲುಗದೆ ಇರುವಂಥದ್ದು, ಎಚ್ಚರವಾಗಬಾರದಂಥದ್ದು.
ಕೂಸೋ, ಬೆಕ್ಕೋ, ಕಾಯಿಲೆಯವರೋ,
ಸುಮ್ಮನೆ ಹಾಲಿನ ಜಗ್ಗೋ?
ಜಗ್ಗಿಗೆ ಸದ್ದಿನ ಭಯವಿಲ್ಲವಲ್ಲ.

'ಎಲ್ಲವನ್ನೂ ಮೊದಲಿನಂತೆ ಮಾಡಲೇ?' ಕೇಳಿತು ಪರದೆ.
ಯಾರ ಮೊದಲು?
ಬೇಡ ಅಂದೆ.

ಆ ರಾತ್ರಿ ಪಾಳಿ ಮುಗಿಸಿ ಬಂದ ಗ್ರೇನಿಯಾ,
ಮೇಲಿನ ಕೋಣೆಯವಳು, ನರ್ಸು,
ಒಂದು ಕಾಲುಚೀಲ ಕಳಚಿ, ಇನ್ನೊಂದು ಮರೆತು
ಅಡುಗೆಮನೆಯ ಮೇಜಿಗೇ ತಲೆಯಿಟ್ಟು ನಿದ್ದೆಹೋಗಿದ್ದಳು.
ಒಲೆಯ ಮೇಲಿನ ಹಳದಿ ದೀಪವೊಂದೇ.
ಎರಡಕ್ಕೆ ತಿರುವಿದೆ.
ಅಳತೆಯ ಮುಳ್ಳು ಸೀದಾ ಸೊನ್ನೆಗೆ ಬಂದು ನಿಂತಿತು,
ಯಾರದೋ ಮನೆಯ ಪಾವು
ನಮ್ಮ ಮನೆಯ ಅಕ್ಕಿಗೆ ಸರಿಹೋದಂತೆ.

'ಉಸಿರು ಬಿಗಿಹಿಡಿಯಿರಿ,'
ದಿನಕ್ಕೆ ಅರವತ್ತು ಸಲ ಹೇಳುತ್ತೇನೆ.
ಈ ಸಲ ನಾನೇ ಹಿಡಿದೆ.
ಅವಳ ಕೆನ್ನೆಗೆ ಚೂರು ಬೆಳಕು ಹೆಚ್ಚಲಿ ಎಂದು
ಹೆಬ್ಬೆರಳು ಎಡಕ್ಕೆ ತಿರುವಿತು.

ದಿಕ್ಕು ಬದಲಿಸಿದವಳು ನಾನೇ, ಅದೇ ಸಂಜೆ.

ಚಿತ್ರ ತುಸು ಕಪ್ಪಗೆ ಬಂದಿದೆ.
ಕಾಲುಚೀಲದ ತೂತು ಮಾತ್ರ ಸ್ಪಷ್ಟ.