ಆರು ಗ್ರಾಂ ಬಾಕಿ

ಪೆಟ್ಟಿಗೆ ಬಂದದ್ದು ಬುಧವಾರ.
ಸದಾಶಿವ ಪೇಟೆಯ ಈ ಹಳೇ ವಾಡೆಗೆ ಲಿಫ್ಟಿಲ್ಲ,
ಹೊತ್ತು ತಂದ ಹುಡುಗ ಏದುಸಿರಲ್ಲೇ ಓಟಿಪಿ ಕೇಳಿದ.
ಹದಿನೇಳು ಸಾವಿರದ ಚಿಲ್ಲರೆ;
ಬೇಡವಾದರೆ ಹತ್ತು ದಿನದೊಳಗೆ ವಾಪಸು.

ಹತ್ತು ದಿನ ಬೇಕಾದಷ್ಟಾಯಿತು ನನಗೆ.
ತೂಕ-ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಮಾರ್ಕೆಟ್ ಯಾರ್ಡಿನ ತಕ್ಕಡಿಗಳಿಗೆ ಮುದ್ರೆ ಒತ್ತಿದವಳು,
ಬಟ್ಟಿನ ತಳದ ಸೀಸ ಕೆರೆದವರನ್ನು
ಬೆರಳ ತುದಿಯಲ್ಲೇ ಹಿಡಿದವಳು.

ಚಪ್ಪಟೆ. ಬಿಳಿ. ಎರಡು ಭಾಕರಿಯಗಲ.
ಮೂಲೆಯಲ್ಲಿ ಅದರ ಗೂಡು, ಮೊಣಕಾಲೆತ್ತರ,
ಒಳಗೊಂದು ಕಾಗದದ ಚೀಲ.
ಸುತ್ತಿ ಬಂದು, ಬೆನ್ನು ತಿರುಗಿಸಿ ಕೂತು,
ಹೊಟ್ಟೆಯದನ್ನೆಲ್ಲ ಒಮ್ಮೆಗೇ ಕಕ್ಕುತ್ತದೆ.
ಹದಿನೈದು ಸೆಕೆಂಡು.
ಕೆಳಗಿನ ಮನೆಯ ನೇನೆ ಕಾಕಾ
‘ಮಿಕ್ಸರ್ ಕೆಟ್ಟಿತೇ?’ ಎಂದು ಕೂಗುವಷ್ಟು ಸದ್ದು.

ಮೊದಲ ದಿನ, ಐವತ್ತು ಗ್ರಾಂ ರವೆ.
ಅಡುಗೆಮನೆಯ ತಕ್ಕಡಿಯಲ್ಲಿ ಅಲ್ಲ,
ನಿವೃತ್ತಿಯ ದಿನ ಕೊಟ್ಟರಲ್ಲ, ಗಾಜಿನ ಕಪಾಟಿನದು,
ಹತ್ತಿರ ಉಸಿರುಬಿಟ್ಟರೂ ಮುಳ್ಳು ಅಲುಗುತ್ತದೆ.
ರಂಗೋಲಿಯ ಎಳೆಯಂತೆ ಬೆರಳ ಸಂದಿನಿಂದ ಬಿಟ್ಟೆ
ಶಹಾಬಾದಿ ಕಲ್ಲಿನ ಮೇಲೆ.
ನನ್ನೂರ ಕಡೆಯ ಕಲ್ಲು ಅದು, ಕಾಗಿಣಾ ದಂಡೆಯದು,
ನನಗಿಂತ ಎಷ್ಟೋ ಮೊದಲೇ ಪುಣೆಗೆ ಬಂದು ಮಲಗಿದ್ದು.

ಹೊರಟಿತು.
ಗೋಡೆಗೆ ಹಣೆ ತಾಗಿಸಿ, ಸರಿದು, ಮತ್ತೆ ತಾಗಿಸಿ,
ಮಂಚದಡಿ ಹೋದದ್ದು ಹತ್ತು ನಿಮಿಷ ಸುದ್ದಿಯಿಲ್ಲ.
ಹೊಸ್ತಿಲಿಗೆ ಮೂರು ಸಲ ಎದೆಯೊತ್ತಿ, ಒಲ್ಲೆನೆಂದು ತಿರುಗಿತು.
ಫೋನಿನ ನಕಾಶೆಯಲ್ಲಿ ನನ್ನ ದೇವರ ಕೋಣೆಗೆ
‘ಬೆಡ್‌ರೂಮ್ ಎರಡು’ ಎಂದು ಹೆಸರಿಟ್ಟಿತು.
ಲಂಗದ ಲಾಡಿ ನುಂಗಿ, ಅಲ್ಲೇ ನಿಂತು,
ಯಾವುದೋ ದೇಶದ ಹೆಣ್ಣುದನಿಯ ಇಂಗ್ಲಿಷಿನಲ್ಲಿ
ಬ್ರಷ್ ನೋಡಿರೆಂದು ಬೇಡಿಕೊಂಡಿತು.

ಚೀಲದಲ್ಲಿ ಸಿಕ್ಕದ್ದು ನಲವತ್ತೊಂದು.
ಹೊಟ್ಟೆಯಲ್ಲೇ ಅಂಟಿ ಉಳಿದದ್ದು ಮೂರು.
ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ: ಬಾಕಿ ಆರು.
ಐವತ್ತಕ್ಕೆ ಆರು!
ಆಗಿದ್ದರೆ ಅಂಗಡಿಗೆ ಬೀಗ ಜಡಿಯುತ್ತಿದ್ದೆ.

ಹನ್ನೊಂದಕ್ಕೆ ಛಬುಬಾಯಿ ಬಂದಳು.
ಅಕ್ಕಲಕೋಟೆ ಕಡೆಯವಳು, ನನ್ನೊಡನೆ ಕನ್ನಡವೇ.
ಸೊಂಟದ ಮೇಲೆ ಕೈಯಿಟ್ಟು ಗೂಡನ್ನು ನೋಡಿದಳು.
‘ಬಾಯೀ, ಇದಕ್ಕ ದಿವಾಳಿ ಬೋನಸ್ ಐತೇನ್ರಿ?’
ಇಲ್ಲ.
‘ಖಾಡಾ ಮಾಡ್ತದೇನು?’
ಬ್ಯಾಟರಿ ಹೋದರೆ.
‘ಹಂಗಾರ ನನ್ನಂಗ’ ಎಂದು ನಕ್ಕು ಪೊರಕೆ ತೆಗೆದಳು.

ರವೆಯ ವಿಷಯ ನಾನು ಹೇಳಲಿಲ್ಲ.
ಅವಳು ಬಗ್ಗಿದಳು. ಪೊರಕೆಯ ತುದಿಯನ್ನು ಎರಡೇ ಕಡ್ಡಿಯಾಗಿಸಿ
ಕಲ್ಲು ಕಲ್ಲಿನ ಸಂದು, ಕಪಾಟಿನ ಕಾಲು,
ಹೊಸ್ತಿಲ ಆಚೆ ಮಗ್ಗುಲು,
ಎಲ್ಲ ಎಳೆತಂದು ಬಾಗಿಲ ಬಳಿ ಗುಡ್ಡೆ ಮಾಡಿದಳು.
ಸುಪಡಿಗೆ ತುಂಬುವ ಮೊದಲು, ತಡೆ, ಎಂದೆ.
ಕಾಗದದ ಮೇಲೆ ಎತ್ತಿ ತಕ್ಕಡಿಗೆ ಸುರಿದೆ.

ಏಳೂವರೆ.

ಆರು ನನ್ನದೆಂದೇ ಹಿಡಿದರೂ ಒಂದೂವರೆ ಹೆಚ್ಚು.
ನಾನು ಕೇಳಿರಲಿಲ್ಲ, ಮುಳ್ಳನ್ನಷ್ಟೇ ನೋಡುತ್ತಿದ್ದೆ.
‘ಅದು ಹಳೇದ್ರೀ’ ಎಂದಳು. ‘ಸಂದಿನ್ಯಾಗಿಂದು.
ಹೋದ ವಾರ ಸೊಂಟ ಹಿಡದಿತ್ತು, ಬಿಟ್ಟಿದ್ದೆ.’

ಆ ದನಿ ನನಗೆ ಗೊತ್ತು.
ನನ್ನ ಕಂದು ಚೀಲ ಮೆಟ್ಟಿಲೇರುವುದನ್ನು ಕಂಡ
ಕಿರಾಣಿಯವನ ದನಿ.
ಹನ್ನೆರಡು ವರ್ಷದಲ್ಲಿ ಈ ಮನೆಯೊಳಗೆ ಕೇಳಿರಲಿಲ್ಲ.
ಗುಲಗಂಜಿಯಿಟ್ಟು ಬಂಗಾರ ತೂಗುತ್ತಿದ್ದರು ಹಿಂದೆ;
ತನ್ನ ಕಪ್ಪು ಅದಕ್ಕೆ ಕಾಣುತ್ತಿತ್ತೇ?

ಚಹಾ ಇಟ್ಟೆ. ಸಕ್ಕರೆ ಅಳತೆಯಿಲ್ಲದೆ ಬಿತ್ತು.

ವಾಪಸು ಮಾಡಲಿಲ್ಲ.
ಮಂಚದಡಿಯದು ಅದಕ್ಕೆ, ಸಂದಿನದು ಅವಳಿಗೆ,
ಸಂಬಳ ಮೊದಲಿನಷ್ಟೇ.
ಚೀಲ ಎರಡು ತಿಂಗಳು ಬರುತ್ತದೆಂದು ಪುಸ್ತಕ,
ನಮ್ಮಲ್ಲಿ ಬಂದದ್ದು ಹತ್ತೊಂಬತ್ತು ದಿನ. ಬರೆದಿಟ್ಟಿದ್ದೇನೆ.
‘ಬಾಕಿ ಆರ’ನ್ನು ಹೊಡೆದುಹಾಕಿದ್ದೇನೆ.
ಒಂದೂವರೆಗೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇಲ್ಲ.

ಗೂಡಿನಲ್ಲಿ ಮತ್ತೆ ಶುರು, ಹದಿನೈದು ಸೆಕೆಂಡು.
ಕೆಳಗಿನಿಂದ ನೇನೆ: ಮಿಕ್ಸರಾ?
ಛಬುಬಾಯಿ ಕಿಟಕಿಯಲ್ಲಿ ಬಗ್ಗಿ
ಮರಾಠಿಯಲ್ಲಿ ಕೂಗುತ್ತಾಳೆ:
ನಾನಲ್ಲ ಕಾಕಾ, ಅದು!