ಹತ್ತು ಗಂಟೆಯವರೆಗೆ

ಮೂವತ್ತೊಂದು ವರ್ಷ ಅವಳ ಗಾಜು ತೊಳೆದೆ.
ಆಮ್ಲದಲ್ಲೊಮ್ಮೆ, ಸಿಹಿನೀರಲ್ಲಿ ಏಳು ಸಲ.
ಆರಕ್ಕೇ ನಿಲ್ಲಿಸಿದರೆ ಪಾಚಿಗೆ ಗೊತ್ತಾಗುತ್ತದೆ ಗೂಲ್ವೆನ್,
ಅನ್ನುತ್ತಿದ್ದಳು.

ಲೇಖನಗಳಲ್ಲಿ ಅವಳು ಇ. ಕೆರ್‌ದ್ರಾವೊನ್.
ಹುಟ್ಟಿದಾಗ ಬ್ರೆಟನ್ ಹೆಸರು ಬರೆಯಲೊಲ್ಲದ ಗುಮಾಸ್ತ
ಎಲಿಯೊನೋರ್ ಎಂದು ಫ್ರೆಂಚ್ ಮಾಡಿದ್ದ.
ದೋಣಿಕಟ್ಟೆಯಲ್ಲಿ, ನಮ್ಮ ಬಾಯಲ್ಲಿ, ಅವಳು ಅಜೆನೋರ್,
ಕಳೆ ಸುಡುವವಳ ಮಗಳು.

ದಡದ ಕಲ್ಲುಗುಂಡಿಯಲ್ಲಿ ಕಡಲಕಳೆ ಸುಟ್ಟು
ಬೂದಿಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಡಿದು
ಅಯೋಡಿನ್ ಕಾರ್ಖಾನೆಗೆ ತೂಗಿಕೊಡುತ್ತಿದ್ದಳು ಅವ್ವ.
ನಮ್ಮ ಮಂಡಿಗಳಿಗೆ ಹಚ್ಚಿದ ಉರಿಯುವ ಕಂದು ಔಷಧಿ
ಆ ಹೊಗೆಯ ಮೊಮ್ಮಗು.
ಹೊಗೆ ಕುಡಿದ ಅವಳ ಕಣ್ಣು ಕೊನೆಯವರೆಗೂ ಒಣಗಲಿಲ್ಲ.
ಮಗಳು ಲ್ಯಾಟಿನ್ ಹೆಸರು ಹೇಳಿದರೆ ನಗುತ್ತಿದ್ದಳು:
"ಇದು ದನಕ್ಕೆ, ಅದು ಗೊಬ್ಬರಕ್ಕೆ. ಇನ್ನೇನಿದೆ?"

ಇನ್ನೇನಿದೆ ಎಂಬುದೇ ಮಗಳ ನೌಕರಿಯಾಯಿತು.

ಚಳಿಗಾಲದ ದೊಡ್ಡ ಇಳಿತದಂದು ಲಾಟೀನು ಹಿಡಿದು
ಬಂಡೆಗಳ ಮೇಲೆ ಜಾರುತ್ತ ಹೋಗುತ್ತಿದ್ದೆವು.
ಗರಗಸದಂಚಿನ ಕಂದು ಕಳೆ:
ತುದಿ ಕಿತ್ತಳೆಯಾದರೆ ಗಂಡು, ಹಸಿರುಗಪ್ಪಾದರೆ ಹೆಣ್ಣು.
ಒರೆಸಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ, ನನ್ನ ಬೆಣ್ಣೆಯ ಪಕ್ಕದಲ್ಲಿಟ್ಟು
ಬೆಳಿಗ್ಗೆ ಕಡಲನೀರು ತೋರಿಸಿದರೆ
ತತ್ತಿ ಉದುರುತ್ತವೆ, ಜರಡಿ ಹಿಡಿದ ಹಿಟ್ಟಿನ ಹಾಗೆ.

ಒಂದನ್ನು ನನಗೂ ತೋರಿಸಿದಳು.
ದುಂಡಗೆ. ಮುಖವಿಲ್ಲ, ಬೆನ್ನಿಲ್ಲ,
ತಲೆ ಇಲ್ಲ, ಬುಡವಿಲ್ಲ.
ಗಂಡುಬೀಜಗಳು ಮುತ್ತಿ ಬುಗುರಿಯಾಡಿಸುತ್ತಿದ್ದವು.
"ಇದರ ಬೇರು ಎತ್ತ ಹೋಗಬೇಕು? ಯಾರು ಹೇಳುತ್ತಾರೆ?"
ಪಾದ್ರಿಯನ್ನು ಕೇಳು ಅಂದೆ.
ನಗಲಿಲ್ಲ. ದೀಪದ ಕತ್ತು ತಿರುಗಿಸಿದಳು.

ಬೆಳಕಿನ ಕಡೆ ಎಲೆ, ನೆರಳಿನ ಕಡೆ ಬೇರು:
ಇಷ್ಟು ಹಿಂದಿನವರಿಗೂ ಗೊತ್ತಿತ್ತು.
ಅವಳಿಗೆ ಬೇಕಾದದ್ದು ನಡುವಿನ ಹೊತ್ತು.
ಹತ್ತು ಗಂಟೆಯವರೆಗೆ ದೀಪವನ್ನು ಆಚೆ ಬದಿಗಿಟ್ಟರೆ
ತತ್ತಿ ಮನಸ್ಸು ಬದಲಿಸುತ್ತದೆ.
ಹತ್ತು ದಾಟಿತೋ, ಸೂರ್ಯನನ್ನೇ ತಂದು ನಿಲ್ಲಿಸಿ, ಕೇಳದು.
ಆ ಗಳಿಗೆಯಲ್ಲಿ ಒಳಗೆ ಏನು ಬಿಗಿಯಿತು?
ಅದಕ್ಕೇ ಮೂವತ್ತೊಂದು ವರ್ಷ, ಹತ್ತೊಂಬತ್ತು ಲೇಖನ,
ಲೆಕ್ಕವಿಲ್ಲದಷ್ಟು ತಿರಸ್ಕಾರ,
ಒಂದು ಕಂಚಿನ ಪದಕ; ಅದರ ಮೇಲೆ ಕಾಫಿ ಲೋಟ.

ಎಪ್ಪತ್ತೆಂಟರ ಮಾರ್ಚಿನಲ್ಲಿ ಹಡಗು ಒಡೆದು
ದಡವೆಲ್ಲ ಎಣ್ಣೆ. ಎಲ್ಲರೊಡನೆ ಬಕೆಟ್ಟು ಹಿಡಿದಳು.
ಆ ವರ್ಷ ಏನೂ ಬರೆಯಲಿಲ್ಲ.
ಯಾವುದೋ ಮುಂಜಾನೆ ನನ್ನ ಬಾಗಿಲು ಬಡಿದು
ಎಳೆದೊಯ್ದು ತೋರಿಸಿದಳು: ಕರಿ ಬಂಡೆಯ ಬಿರುಕಲ್ಲಿ
ಉಗುರಿನಷ್ಟು ಕಂದು.

ಪ್ಯಾರಿಸ್ಸಿನಿಂದ ಪತ್ರ ಬಂತು, ದೊಡ್ಡ ಹುದ್ದೆ.
ಹನ್ನೆರಡು ದಿನ ತಟ್ಟೆಗಳಡಿ ಒತ್ತಿಕೊಂಡಿತ್ತು.
ಆಮೇಲೆ ನೋಡಿದರೆ ಅದರ ಬೆನ್ನ ಮೇಲೆ
ಮುಂದಿನ ತಿಂಗಳ ಇಳಿತಗಳ ಲೆಕ್ಕ.

ಒಂದು ನವೆಂಬರ್ ಬಿರುಗಾಳಿಗೆ ಕರೆಂಟು ಹೋಗಿ
ಕರಿ ಪೆಟ್ಟಿಗೆಯೊಳಗೆ ತಟ್ಟೆಗಳು ಹಾಗೇ ಉಳಿದವು.
ಎರಡು ದಿನದ ಮೇಲೆ ತೆರೆದರೆ
ಒಂದೂ ಬಿಡದೆ ಬೇರು ಬಿಟ್ಟಿದ್ದವು.
ಕತ್ತಲಲ್ಲಿ ಯಾರು ಹೇಳಿದರು? ಕೇಳಿದೆ.
"ಗಂಡುಬೀಜ ತಾಕಿದ ಜಾಗ.
ಬೇರೆ ಸುಳಿವೇ ಸಿಗದಿದ್ದರೆ
ಮೊದಲು ಮುಟ್ಟಿದ ಕಡೆಗೇ ಬೇರು."
ತಮಾಷೆಗೊಂದು ಮಾತು ಹುಡುಕಿದೆ. ಸಿಗಲಿಲ್ಲ.
ಗಾಜು ತೊಳೆದೆ.

ಈಗಿನ ತಟ್ಟೆಗಳು ಪ್ಲಾಸ್ಟಿಕ್ಕು, ಒಮ್ಮೆ ಬಳಸಿ ಎಸೆಯುವುದು.
ಅವಳ ಜಾಗಕ್ಕೆ ಬಂದ ಹುಡುಗಿ ಮೈವೆನ್
ತತ್ತಿಯೊಳಗಿನ ಎಳೆಗಳಿಗೆ ಮಿಂಚುಬಣ್ಣ ಕಟ್ಟಿ
ಪರದೆಯ ಮೇಲೆ ಓಡಿಸುತ್ತಾಳೆ.
ಅರ್ಧ ಸಿಕ್ಕಿದೆಯಂತೆ.
"ಯಾವ ಅರ್ಧ?" ಎಂದಳು ಅಜೆನೋರ್.

ಮೊನ್ನೆಯ ಇಳಿತಕ್ಕೆ ಕೋಲೂರಿಕೊಂಡು ಬಂದಿದ್ದಳು.
ಕಣ್ಣಿಗೆ ಪೊರೆ. ಅವ್ವನ ಹಾಗೇ ನೀರು.
ಬಗ್ಗಿ ಒಂದು ತುದಿ ಮುರಿದು ನನ್ನತ್ತ ಚಾಚಿ
"ಬಣ್ಣ ಹೇಳು."
ಕಿತ್ತಳೆ ಅಂದೆ.
"ಖಂಡಿತವಾ?"
ಬೆಳಕು ಕಮ್ಮಿಯಿತ್ತು, ನನಗೂ ಎಪ್ಪತ್ತು ದಾಟಿದೆ.
ಗೊತ್ತಿಲ್ಲ ಅಂದೆ.
ಸರಿ ಎಂಬಂತೆ ತಲೆಯಾಡಿಸಿ
ಅದನ್ನು ಒದ್ದೆ ಕೋಟಿನ ಜೇಬಿಗೆ ಹಾಕಿಕೊಂಡಳು.